‘ಡ್ಯಾಮು ಅಷ್ಟು ಆಳ ಇದ್ಯಾ ಟೀಚರ್?’

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಹನ್ನೊಂದು ವರ್ಷವಾಯಿತು. ಈ ಸಲ ಎಂಟು ಮತ್ತು ಒಂಬತ್ತನೇ ತರಗತಿಗೆ ವಾರಕ್ಕೆ ಎರಡು ಪಿರಿಯಡ್ ಪತ್ರಿಕೋದ್ಯಮ ಇಟ್ಟಿದ್ದಾರೆ, ಜೊತೆಗೆ ಶಾಲೆಯದೇ ಒಂದು ಪತ್ರಿಕೆಯೂ ಬರಬೇಕಂತೆ. ‘ಕನ್ನಡ ಟೀಚರ್ ಅಲ್ವಾ, ನೀವೇ ನೋಡ್ಕೊಳ್ಳಿ’ ಎಂದು ನನ್ನ ತಲೆಗೆ ಕಟ್ಟಿದರು. ನಾನು ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತಿದವಳಲ್ಲ. ಹಳಗನ್ನಡ ಪದ್ಯ ಮಾಡುವಾಗಲೂ ನಡುಗದ ಕಾಲು ಈ ಕ್ಲಾಸಿಗೆ ಹೋಗುವಾಗ ನಡುಗುತ್ತದೆ. ಮೊನ್ನೆ ಪೇಪರಿನಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ಓದಿಸುತ್ತಿದ್ದೆ. ಗರಿಷ್ಠ 1,819 ಅಡಿ ಎಂದಿತ್ತು. ಒಬ್ಬ ಹುಡುಗ ಎದ್ದು ‘ಡ್ಯಾಮು ಅಷ್ಟು ಆಳ ಇದ್ಯಾ ಟೀಚರ್?’ ಎಂದ. ನಾನು ‘ಹೂಂ, ಮತ್ತೆ!’ ಎಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ಯಜಮಾನರು ಬಿದ್ದು ಬಿದ್ದು ನಕ್ಕರು. ಆವತ್ತಿನಿಂದ ಆ ಹುಡುಗನ ಮುಖ ನೋಡಲು ಆಗುತ್ತಿಲ್ಲ. ಈ ಕ್ಲಾಸಿಗೆ ಧೈರ್ಯ ಎಲ್ಲಿಂದ ತರಲಿ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಡ್ಯಾಮಿನ ವಿಷಯ ಮುಗಿಸಿಬಿಡೋಣ. 1,819 ಅಡಿ ಅನ್ನೋದು ಸಮುದ್ರ ಮಟ್ಟದಿಂದ ಅಳೆದ ಎತ್ತರ. ಡ್ಯಾಮು ತುಂಬಿದಾಗ ನೀರು ಸಮುದ್ರಕ್ಕಿಂತ ಅಷ್ಟು ಮೇಲೆ ನಿಂತಿರುತ್ತದೆ, ಅಷ್ಟೇ. ಅದು ಆಳದ ಲೆಕ್ಕ ಅಲ್ಲ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಈ ಅಂಕಿ ನೋಡಿಯೇ ಕಾಫಿ ಕುಡಿಯುವ ಎಷ್ಟೋ ಜನ ಅದನ್ನು ಆಳ ಅಂತಲೇ ತಿಳಿದಿದ್ದಾರೆ. ನಿಮ್ಮ ಯಜಮಾನರು ನಕ್ಕರು ಅಂದಿರಲ್ಲ, ಅವರಿಗೆ ಸರಿ ಉತ್ತರ ಗೊತ್ತಿತ್ತಾ ಅಂತ ಒಮ್ಮೆ ಕೇಳಿ ನೋಡಿ.

ಈಗ ನನ್ನ ಕಥೆ. ಶಿವಮೊಗ್ಗದಲ್ಲಿ ಒಂದು ಪತ್ರಿಕೆಯ ಡೆಸ್ಕಿಗೆ ಸೇರಿದ ಹೊಸತು. ಅಡಿಕೆ ಧಾರಣೆ ಹಾಕುವ ಕೆಲಸ ನನಗೆ ಕೊಟ್ಟಿದ್ದರು, ಹುಡುಗನಿಗೆ ಅದಕ್ಕಿಂತ ಸುಲಭದ್ದು ಏನಿದೆ ಅಂತ. ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಅಡಿಕೆಯ ನಾಲ್ಕು ಬಗೆ. ನಾಲ್ಕು ಸಾಲು. ಒಂದು ರಾತ್ರಿ ರಾಶಿಯ ದರವನ್ನು ಗೊರಬಲಿನ ಮುಂದೆ, ಗೊರಬಲಿನದನ್ನು ರಾಶಿಯ ಮುಂದೆ ಹಾಕಿ, ರೂಮಿಗೆ ಹೋಗಿ ನೆಮ್ಮದಿಯಾಗಿ ಮಲಗಿದೆ. ಮಲೆನಾಡಿನಲ್ಲಿ ಮುಖಪುಟದಲ್ಲಿ ಮಂತ್ರಿಯ ಹೆಸರು ತಪ್ಪಾದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ, ಧಾರಣೆ ತಪ್ಪಾದರೆ ಬಿಡುತ್ತಾರಾ? ಬೆಳಿಗ್ಗೆ ಆರೂವರೆಗೆ ಆಫೀಸಿಗೆ ಫೋನು ಶುರು. ‘ಎಂತ ಮಾರಾಯ್ರೆ, ರಾತ್ರಿ ಕಳೆಯೋದ್ರೊಳಗೆ ರಾಶಿ ಬಿದ್ದೋಯ್ತಾ?’

ನಮ್ಮ ಹಿರಿಯರು ಬೈಯಲಿಲ್ಲ. ಒಂದು ಹಾಳೆ ಕೊಟ್ಟು ‘ತಿದ್ದುಪಡಿ ನೀನೇ ಬರಿ’ ಎಂದರು. ಮೂರು ಸಾಲಿನ ತಿದ್ದುಪಡಿ. ಬರೆಯಲು ಒಂದು ಗಂಟೆ ಹಿಡಿಯಿತು ಅಂದರೆ ನಂಬಿ. ‘ಕಣ್ತಪ್ಪಿನಿಂದ’ ಅಂತ ಬರೆದೆ, ಹೊಡೆದರು. ‘ತಾಂತ್ರಿಕ ಕಾರಣದಿಂದ’ ಅಂತ ಬರೆದೆ, ಅದನ್ನೂ ಹೊಡೆದರು. ಕೊನೆಗೆ ಏನು ತಪ್ಪಾಗಿತ್ತು, ಸರಿ ಯಾವುದು, ವಿಷಾದಿಸುತ್ತೇವೆ, ಇಷ್ಟೇ ಉಳಿಯಿತು. ಮಾರನೇ ದಿನ ಅದು ಅಚ್ಚಾದ ಮೇಲೆ ಒಬ್ಬರೇ ಒಬ್ಬರು ಫೋನ್ ಮಾಡಿದರು, ‘ಒಪ್ಕೊಂಡ್ರಲ್ಲ, ಸಾಕು ಬಿಡಿ’ ಅನ್ನಲು. ಅಲ್ಲಿಂದ ಮುಂದೆ ನಾನು ಧಾರಣೆಯ ಸಾಲುಗಳನ್ನು ಬೆರಳಿಟ್ಟು ಜೋರಾಗಿ ಎರಡು ಸಲ ಓದದೆ ಮನೆಗೆ ಹೋಗಿಲ್ಲ. ಪಕ್ಕದ ಮೇಜಿನವರು ನಗುತ್ತಿದ್ದರು. ನಗಲಿ ಬಿಡಿ. ಆ ಕೆಲಸದಲ್ಲಿ ನನಗೆ ಧೈರ್ಯ ಅನ್ನೋದು ಬಂದಿದ್ದರೆ ಆ ಮೂರು ಸಾಲು ಬರೆದ ಮೇಲೆ ಬಂತು, ಮೊದಲು ಬಂದಿದ್ದಲ್ಲ.

ಆದ್ದರಿಂದ ನಿಮಗೆ ಮೊದಲ ಕೆಲಸ. ಮುಂದಿನ ಮಂಗಳವಾರವೋ ಬುಧವಾರವೋ ನಿಮ್ಮ ಪಿರಿಯಡ್ ಯಾವತ್ತಿದೆಯೋ ಆವತ್ತು ಹೋಗಿ, ಏನೂ ಮಾತಾಡದೆ, ಬೋರ್ಡಿನ ಮೇಲೆ ಹೀಗೆ ಬರೆಯಿರಿ: ‘ತಿದ್ದುಪಡಿ. ಲಿಂಗನಮಕ್ಕಿ ಅಣೆಕಟ್ಟು 1,819 ಅಡಿ ಆಳ ಇದೆ ಎಂದು ಕಳೆದ ವಾರ ಈ ತರಗತಿಯಲ್ಲಿ ಹೇಳಲಾಗಿತ್ತು. ಅದು ತಪ್ಪು. 1,819 ಅಡಿ ಎಂಬುದು ಸಮುದ್ರ ಮಟ್ಟದಿಂದ ನೀರಿನ ಎತ್ತರ.’ ಬರೆದು ಮುಗಿಸಿ, ‘ಹೇಳಲಾಗಿತ್ತು’ ಅನ್ನೋ ಪದಕ್ಕೆ ಸುತ್ತು ಹಾಕಿ, ‘ಯಾರು ಹೇಳಿದ್ದು ಅಂತ ಇದರಲ್ಲಿ ಇದೆಯಾ?’ ಎಂದು ಮಕ್ಕಳನ್ನು ಕೇಳಿ. ಅವರು ‘ಟೀಚರ್’ ಎನ್ನುತ್ತಾರೆ. ಅಳಿಸಿ ‘ಟೀಚರ್ ಹೇಳಿದ್ದರು’ ಎಂದು ಬರೆಯಿರಿ. ಸುದ್ದಿಯಲ್ಲಿ ಕರ್ತರಿ ಪ್ರಯೋಗ ಯಾಕೆ ಬೇಕು ಅನ್ನುವ ಪಾಠ ಅಲ್ಲೇ ಆಗಿಹೋಗುತ್ತದೆ, ಕನ್ನಡ ಟೀಚರಾದ ನಿಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಆಮೇಲೆ ಆ ಹುಡುಗನಿಗೆ ನಾಲ್ಕು ಜನರ ಎದುರು ಹೇಳಿ, ‘ನೀನು ಕೇಳಿದ್ದು ವರದಿಗಾರ ಕೇಳಬೇಕಾದ ಪ್ರಶ್ನೆ’ ಅಂತ.

ನಿಮ್ಮ ಭಯದ ಬುಡ ಎಲ್ಲಿದೆ ಅಂದರೆ, ಹನ್ನೊಂದು ವರ್ಷ ನೀವು ಉತ್ತರ ಮೊದಲೇ ಗೊತ್ತಿರುವ ಪಾಠ ಮಾಡಿದ್ದೀರಿ. ಪದ್ಯದ ಅರ್ಥ ನಿಮಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಈ ಕ್ಲಾಸಿನಲ್ಲಿ ಉತ್ತರ ಇಬ್ಬರ ಹತ್ತಿರವೂ ಇಲ್ಲ. ಅದು ಪಂಚಾಯ್ತಿ ಆಫೀಸಿನಲ್ಲಿದೆ, ಬಸ್ ಸ್ಟ್ಯಾಂಡಿನಲ್ಲಿದೆ, ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿದೆ. ‘ಗೊತ್ತಿಲ್ಲ, ಯಾರನ್ನ ಕೇಳೋಣ?’ ಅನ್ನುವುದು ಇಲ್ಲಿ ಟೀಚರ್ ಸೋತ ಮಾತಲ್ಲ, ಪಾಠ ಶುರುವಾಗುವ ಮಾತು.

ಎರಡನೇ ಕೆಲಸ. ಮಕ್ಕಳಿಂದ ಬರೆಸುವ ಮೊದಲು ನೀವೇ ಒಂದು ಸುದ್ದಿ ಬರೆಯಿರಿ. ಒಂದೇ ಒಂದು. ಸಂಜೆ ಬಸ್ಸು ನಿಮ್ಮ ಶಾಲೆಯ ಸ್ಟಾಪಿನಲ್ಲಿ ಎಷ್ಟು ಗಂಟೆಗೆ ಬರುತ್ತದೆ ಅಂತ ಐದು ದಿನ ನಿಂತು ಬರೆದುಕೊಳ್ಳಿ. ನಿಲ್ಲಿಸಿತಾ, ನಿಲ್ಲಿಸದೆ ಹೋಯಿತಾ, ಎಷ್ಟು ಮಕ್ಕಳು ಹತ್ತಲಾಗದೆ ಉಳಿದರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿನಿಂದ ಸರ್ಕಾರಿ ಬಸ್ಸಿನ ರಶ್ಶಿನ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ, ಖಾಸಗಿ ಬಸ್ಸಿನವರಿಗೆ ಇನ್ನೊಂದು ಅಭಿಪ್ರಾಯ ಇದೆ. ಆದರೆ ನಿಮ್ಮ ಸ್ಟಾಪಿನ ಐದು ದಿನದ ಲೆಕ್ಕ ಇರೋದು ನಿಮ್ಮ ಹತ್ತಿರ ಮಾತ್ರ. ಡ್ರೈವರನ್ನೋ ಕಂಡಕ್ಟರನ್ನೋ ಒಂದು ಮಾತು ಕೇಳಿ, ಅವರಿಗೂ ಹೇಳಲು ಇರುತ್ತದೆ. ಇನ್ನೂರು ಪದ ಬರೆದು, ಜೆರಾಕ್ಸ್ ಮಾಡಿಸಿ, ಎಲ್ಲ ಮಕ್ಕಳಿಗೂ ಒಂದೊಂದು ಕಾಪಿ, ಒಂದೊಂದು ಕೆಂಪು ಪೆನ್ನು ಕೊಡಿ. ಟೀಚರ್ ಬರೆದದ್ದನ್ನು ತಿದ್ದುವ ಅವಕಾಶ! ಅವತ್ತು ಯಾರೂ ಕಿಟಕಿಯಾಚೆ ಮಳೆ ನೋಡಲ್ಲ.

ಏನೇನು ಸಿಗುತ್ತದೆ ಅಂತ ಈಗಲೇ ಹೇಳಬಲ್ಲೆ. ಕನ್ನಡ ಟೀಚರ್‌ಗಳು ಸುದ್ದಿ ಬರೆದರೆ ಮೊದಲ ಪ್ಯಾರಾದಲ್ಲಿ ಮಂಜು ಮುಸುಕಿರುತ್ತದೆ, ಸಹ್ಯಾದ್ರಿಯ ಸಾಲು ಇರುತ್ತದೆ, ಬಸ್ಸು ಮೂರನೇ ಪ್ಯಾರಾಕ್ಕೆ ಬರುತ್ತದೆ. (ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಡೆಸ್ಕಿಗೆ ಹಾಗೆ ಬರೆದು ಕಳಿಸುತ್ತಿದ್ದ ಮೇಷ್ಟ್ರುಗಳು ತುಂಬಾ ಜನ ಇದ್ದರು.) ಸುದ್ದಿಯಲ್ಲಿ ಮುಖ್ಯ ವಿಷಯ ಮೊದಲು ಬರಬೇಕು, ಉಳಿದದ್ದು ಮಹತ್ವ ಕಡಿಮೆಯಾಗುತ್ತಾ ಕೆಳಗೆ ಹೋಗಬೇಕು. ತಲೆಕೆಳಗಾದ ಪಿರಮಿಡ್ ಅಂತ ಇದನ್ನೇ ಕರೆಯುವುದು. ಯಾಕೆ ಹಾಗೆ ಅಂತ ಪುಸ್ತಕದಲ್ಲಿ ಏನೇನೋ ಇರುತ್ತದೆ, ಡೆಸ್ಕಿನಲ್ಲಿ ಕಾರಣ ಸರಳ. ರಾತ್ರಿ ಒಂಬತ್ತಕ್ಕೆ ಒಂದು ಜಾಹೀರಾತು ಬರುತ್ತದೆ, ಪುಟದಲ್ಲಿ ಜಾಗ ಸಾಲಲ್ಲ, ಉಪಸಂಪಾದಕ ಯೋಚಿಸದೆ ಸುದ್ದಿಯ ಬಾಲ ಕತ್ತರಿಸುತ್ತಾನೆ. ಮುಖ್ಯ ವಿಷಯ ಬಾಲದಲ್ಲಿದ್ದರೆ ಅದೂ ಹೋಯಿತು. ಇದನ್ನು ಕ್ಲಾಸಿನಲ್ಲಿ ಕತ್ತರಿ ತಗೊಂಡು ಮಾಡಿ ತೋರಿಸಿ. ನಿಮ್ಮ ಸುದ್ದಿಯ ಕೆಳಗಿನ ಅರ್ಧ ಕತ್ತರಿಸಿ, ‘ಉಳಿದದ್ದರಿಂದ ಏನು ಗೊತ್ತಾಯಿತು?’ ಎಂದು ಕೇಳಿ. ‘ಮಂಜು ಬಿದ್ದಿತ್ತು’ ಎಂದರೆ ನಿಮಗೇ ನಗು ಬರುತ್ತದೆ.

ಇನ್ನೊಂದು, ಮಳೆಗಾಲದಲ್ಲಿ ನಿಮ್ಮ ಕಡೆ ತಾನಾಗಿಯೇ ಸಿಗುವ ಪಾಠ. ಜುಲೈ ಬಂತೆಂದರೆ ರಾತ್ರಿ ಹತ್ತಕ್ಕೆ ವಾಟ್ಸ್ಆ್ಯಪಿನಲ್ಲಿ ‘ನಾಳೆ ಶಾಲೆಗಳಿಗೆ ರಜೆ’ ಎಂಬ ಆದೇಶ ಓಡಾಡುತ್ತದೆ, ಅಲ್ವಾ? ಕೆಲವು ನಿಜ. ಕೆಲವು ಹೋದ ವರ್ಷದ ಆದೇಶಕ್ಕೆ ಯಾರೋ ಹೊಸ ದಿನಾಂಕ ಅಂಟಿಸಿದ್ದು. ಅಂಥ ಎರಡು ಪ್ರಿಂಟ್ ತೆಗೆದು ಮಕ್ಕಳ ಮುಂದೆ ಇಡಿ. ದಿನಾಂಕ ಏನಿದೆ, ಆ ದಿನಾಂಕಕ್ಕೆ ವಾರ ಸರಿ ಹೊಂದುತ್ತದಾ, ಜಿಲ್ಲಾಧಿಕಾರಿಯ ಹೆಸರು ಈಗಿನವರದಾ ಹಿಂದಿನವರದಾ, ರಜೆ ಇಡೀ ಜಿಲ್ಲೆಗಾ ಒಂದು ತಾಲ್ಲೂಕಿಗಾ, ಅಂಗನವಾಡಿಗೆ ಇದೆಯಾ ಕಾಲೇಜಿಗೆ ಇದೆಯಾ, ಅಕ್ಷರದ ಗಾತ್ರ ಒಂದು ಕಡೆ ಮಾತ್ರ ಬೇರೆ ಕಾಣುತ್ತದಾ. ಕೊನೆಗೆ, ಇದನ್ನು ಖಾತ್ರಿ ಮಾಡಿಕೊಳ್ಳಲು ಯಾರಿಗೆ ಫೋನ್ ಮಾಡಬೇಕು. ಇದು ಹದಿನಾಲ್ಕು ವರ್ಷದ ಮಕ್ಕಳಿಗೆ ಎಷ್ಟು ಬೇಕಾದ ವಿಷಯ ಅಂದರೆ, ನೀವು ಪಾಠ ಮಾಡುವುದೇ ಬೇಡ, ಅವರೇ ಪತ್ತೆ ಹಚ್ಚಿ ನಿಮಗೆ ಹೇಳುತ್ತಾರೆ. ಸುಳ್ಳು ರಜೆ ನಂಬಿ ಮನೆಯಲ್ಲಿ ಉಳಿದು ಮಾರನೇ ದಿನ ಬೈಸಿಕೊಂಡವರು ಕ್ಲಾಸಿನಲ್ಲಿ ನಾಲ್ಕು ಜನ ಇದ್ದೇ ಇರುತ್ತಾರೆ.

ಲಿಂಗನಮಕ್ಕಿಯನ್ನೂ ಬಿಡಬೇಡಿ. ಇವತ್ತಿನ ಮಟ್ಟ ಇಷ್ಟು ಅಂತ ಬರೆದರೆ ಅದು ಬರೀ ಅಂಕಿ. ಕಳೆದ ವರ್ಷ ಇದೇ ದಿನ ಎಷ್ಟಿತ್ತು, ಒಂದು ವಾರದಲ್ಲಿ ಎಷ್ಟು ಏರಿತು, ಇನ್ನೆಷ್ಟು ಅಡಿಗೆ ತುಂಬುತ್ತದೆ, ಇದನ್ನು ಸೇರಿಸಿದಾಗ ಸುದ್ದಿ. ಆ ಹುಡುಗನಿಗೇ ಈ ಕೆಲಸ ವಹಿಸಿ. ತರಗತಿಯ ‘ಡ್ಯಾಮು ವರದಿಗಾರ’ ಅವನೇ ಆಗಲಿ.

ಪತ್ರಿಕೆ ಅಂದಾಕ್ಷಣ ಬಣ್ಣದ ಮುದ್ರಣ, ಡಿಟಿಪಿ ಅಂತ ಹೆದರಬೇಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ಕ್ಕೆ ಬಂದಾಗ ಅದು ಕಲ್ಲಚ್ಚಿನಲ್ಲಿ ಆದದ್ದು. ಸಂಪಾದಕ ಹರ್ಮನ್ ಮೋಗ್ಲಿಂಗ್ ಜರ್ಮನಿಯಿಂದ ಬಂದವರು, ಕನ್ನಡ ಅವರಿಗೆ ದೊಡ್ಡವರಾದ ಮೇಲೆ ಕಲಿತ ಭಾಷೆ. ನಿಮಗೆ ಕನ್ನಡ ಮೊದಲೇ ಬರುತ್ತದಲ್ಲ, ಅರ್ಧ ದಾರಿ ಮುಂದೆಯೇ ಇದ್ದೀರಿ. ದೊಡ್ಡ ಹಾಳೆಯ ಮೇಲೆ ಚೆಂದ ಅಕ್ಷರದವರಿಂದ ಬರೆಸಿ, ಇಪ್ಪತ್ತು ಜೆರಾಕ್ಸ್ ತೆಗೆಸಿ. ಎರಡು ಪುಟ ಸಾಕು. ಒಂದು ಮೂಲೆಯನ್ನು ‘ತಿದ್ದುಪಡಿ’ಗೆ ಖಾಯಂ ಬಿಡಿ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಕಡೆ. ಮಕ್ಕಳಿಗೆ ಸಂದರ್ಶನ ಮಾಡಿಸಲು ಹೋದೆ. ಪ್ರಶ್ನೆ ಬರೆದುಕೊಟ್ಟರೆ ಮಂತ್ರದ ಹಾಗೆ ಓದಿ ಬರುತ್ತಾರೆ. ಎದುರಿನವರು ‘ಚೆನ್ನಾಗಿತ್ತು’ ಅನ್ನುತ್ತಾರೆ, ಇವರು ‘ಚೆನ್ನಾಗಿತ್ತು’ ಅಂತ ಬರೆದುಕೊಂಡು ಬರುತ್ತಾರೆ. ನನಗೇ ಹೇಳಿಕೊಡಲು ಬರುತ್ತಿಲ್ಲವೇನೋ ಅನಿಸಿದೆ.
– ಒಬ್ಬ ಸಮಾಜ ವಿಜ್ಞಾನ ಮೇಷ್ಟ್ರು

ಉತ್ತರ: ತಪ್ಪು ಪ್ರಶ್ನೆಯದು, ಮಕ್ಕಳದ್ದಲ್ಲ. ‘ಆಗ ಜೀವನ ಹೇಗಿತ್ತು ಅಜ್ಜಿ?’ ಅಂದರೆ ‘ಕಷ್ಟ ಇತ್ತು ಮಗಾ’ ಅನ್ನದೆ ಇನ್ನೇನು ಹೇಳುತ್ತಾರೆ? ನಿಮ್ಮ ಕಡೆ ಎಷ್ಟೋ ಮನೆಯಲ್ಲಿ 1964ರಲ್ಲಿ ಲಿಂಗನಮಕ್ಕಿ ಆದಾಗ ಮುಳುಗಡೆ ಕಂಡ ಹಿರಿಯರು ಇದ್ದಾರೆ. ಅವರ ಹತ್ತಿರ ಹೋಗಿ ‘ಮನೆ ಬಿಡುವ ದಿನ ಏನೇನು ಹೊತ್ತುಕೊಂಡು ಬಂದ್ರಿ? ಏನು ಬಿಟ್ಟು ಬಂದ್ರಿ?’ ಅಂತ ಕೇಳಿಸಿ. ಒಂದು ಒಳಕಲ್ಲು, ಒಂದು ತೊಟ್ಟಿಲು, ಕೊಟ್ಟಿಗೆಯ ಬಾಗಿಲು ಅಂತ ಬರುತ್ತದೆ ನೋಡಿ, ಆಮೇಲೆ ಆ ಅಜ್ಜಿಯನ್ನು ನಿಲ್ಲಿಸುವುದೇ ಕಷ್ಟ.

ಇವತ್ತಿನ ವಿಷಯವೇ ಬೇಕೆಂದರೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಇದೆ. 2025ರ ಜುಲೈನಲ್ಲಿ ಉದ್ಘಾಟನೆಯಾದಾಗ ಅದರ ಉದ್ದ, ಖರ್ಚು, ಕೇಬಲ್ಲು ಎಲ್ಲವನ್ನೂ ದೊಡ್ಡ ಪತ್ರಿಕೆಗಳು ಬರೆದು ಮುಗಿಸಿದವು. ಸೇತುವೆ ಇಲ್ಲದಾಗ ಜನ ಹಿನ್ನೀರು ದಾಟುವ ಲಾಂಚಿಗೆ ಕಾಯುತ್ತಾ ಕುಳಿತ ಸಮಯದಲ್ಲಿ ವ್ಯಾಪಾರ ಮಾಡುತ್ತಿದ್ದ ಅಂಗಡಿಯವರು ಈಗ ಏನು ಮಾಡುತ್ತಿದ್ದಾರೆ, ರಾತ್ರಿ ಹೆರಿಗೆ ನೋವು ಬಂದರೆ ಮೊದಲು ಏನು ಮಾಡುತ್ತಿದ್ದರು, ಇದನ್ನು ಕೇಳಲು ನಿಮ್ಮ ಮಕ್ಕಳಿಗಿಂತ ಹತ್ತಿರದವರು ಯಾರು? ಬರೆದುಕೊಂಡ ಪ್ರಶ್ನೆ ಮೂರೇ ಇರಲಿ. ನಾಲ್ಕನೆಯದು ಎದುರಿನವರ ಉತ್ತರದಿಂದಲೇ ಹುಟ್ಟಬೇಕು ಅನ್ನೋ ಒಂದು ಕಾನೂನು ಮಾಡಿ. ಮೊದಲು ಕ್ಲಾಸಿನಲ್ಲಿ ನಿಮ್ಮನ್ನೇ ಸಂದರ್ಶನ ಮಾಡಲಿ, ಮೇಷ್ಟ್ರು ಚಿಕ್ಕವರಿದ್ದಾಗ ಶಾಲೆಗೆ ಚಕ್ಕರ್ ಹೊಡೆದ ದಿನದ ಬಗ್ಗೆ. ನಾಚಿಕೆ ಎಲ್ಲ ಅಲ್ಲೇ ಹಾರಿಹೋಗುತ್ತದೆ, ನಿಮ್ಮದೂ ಸೇರಿ.

ಪ್ರಶ್ನೆ: ಶಾಲೆಯ ಪತ್ರಿಕೆಯಲ್ಲಿ ನಲ್ಲಿಯಲ್ಲಿ ನೀರು ಬಾರದ ಬಗ್ಗೆ ಎಂಟನೇ ತರಗತಿಯ ಇಬ್ಬರು ಹುಡುಗಿಯರು ಬರೆದರು. ಹೆಡ್ಮಾಸ್ಟರು ‘ಬರೀ ಕಾರ್ಯಕ್ರಮದ ವರದಿ ಹಾಕಿ, ಸಾಕು’ ಎಂದರು. ಮಕ್ಕಳ ಮುಂದೆ ನನ್ನ ಮರ್ಯಾದೆ ಹೋಯಿತು.
– ಭದ್ರಾವತಿಯಿಂದ ಒಬ್ಬರು

ಉತ್ತರ: ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ಆ ಹುಡುಗಿಯರು ಹೆಡ್ಮಾಸ್ಟರನ್ನು ಮಾತಾಡಿಸಿದ್ದರಾ? ಇಲ್ಲ ಅಂತಲೇ ನನ್ನ ಊಹೆ. ಯಾರ ಮೇಲೆ ದೂರು ಬರೆಯುತ್ತೇವೋ ಅವರ ಮಾತು ಇಲ್ಲದ ಸುದ್ದಿ ಅರ್ಧ ಸುದ್ದಿ. ಅದು ಡೆಸ್ಕಿಗೆ ಬಂದಿದ್ದರೆ ನಾನೂ ವಾಪಸ್ ಕಳಿಸುತ್ತಿದ್ದೆ. ಮತ್ತೆ ಕಳಿಸಿ. ಎಷ್ಟು ನಲ್ಲಿ, ಎಷ್ಟರಲ್ಲಿ ನೀರು ಬರುತ್ತದೆ, ಯಾವತ್ತಿನಿಂದ ಇಲ್ಲ, ಪಂಚಾಯ್ತಿಗೆ ಪತ್ರ ಬರೆದಿದ್ದಾರಾ, ಬರೆದಿದ್ದರೆ ದಿನಾಂಕ ಏನು. ಬಹಳ ಸಲ ಹೆಡ್ಮಾಸ್ಟರು ಮೂರು ಪತ್ರ ಬರೆದು ಸುಸ್ತಾಗಿ ಕೂತಿರುತ್ತಾರೆ, ಅದು ಸುದ್ದಿಯಲ್ಲಿ ಬಂದರೆ ಅವರಿಗೂ ಒಳ್ಳೆಯದೇ. ಆದರೂ ಬೇಡ ಎಂದರೆ? ಆಗ ಹಾಕಬೇಡಿ. ನಿಮ್ಮ ಕೆಲಸ, ಸಂಬಳ ನನಗೂ ಅರ್ಥವಾಗುತ್ತದೆ. ಆದರೆ ಮಕ್ಕಳಿಗೆ ‘ಸುದ್ದಿ ಚೆನ್ನಾಗಿರಲಿಲ್ಲ’ ಅಂತ ಸುಳ್ಳು ಹೇಳಬೇಡಿ. ಅದು ಸರಿಯಾಗಿತ್ತು, ಹಾಕಲು ಒಪ್ಪಿಗೆ ಸಿಗಲಿಲ್ಲ ಅಂತಲೇ ಹೇಳಿ. ಮರ್ಯಾದೆ ಎಲ್ಲಿಗೂ ಹೋಗಲ್ಲ.

ಪ್ರಶ್ನೆ: ಊರಿನಲ್ಲಿ ಒಬ್ಬರಿಗೆ ಮಂಗನ ಕಾಯಿಲೆ ಬಂದಿದೆ. ಮಕ್ಕಳು ಹೆಸರು, ಮನೆ ಎಲ್ಲ ಹಾಕಿ ಬರೆದಿದ್ದಾರೆ. ಹಾಕಬಹುದಾ? – ಸೊರಬ

ಉತ್ತರ: ಬೇಡ. ರೋಗಿಯ ಹೆಸರು, ಮನೆ, ಅವರ ಮಗ ನಿಮ್ಮ ಶಾಲೆಯಲ್ಲಿದ್ದಾನೆ ಅನ್ನೋದು, ಯಾವುದೂ ಬೇಡ. ಕಾಯಿಲೆ ಉಣ್ಣೆ (ಉಣುಗು ಹುಳ) ಕಚ್ಚುವುದರಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ, ಕಾಡಿಗೆ ದರಗು (ಒಣ ಎಲೆ) ತರಲು ಹೋಗುವವರು ಎಚ್ಚರ ಇರಬೇಕು, ಸತ್ತ ಮಂಗ ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಇದನ್ನು ಬರೆಸಿ. 1957ರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾಗಿದ್ದು ನಿಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಪ್ರಪಂಚದ ವೈದ್ಯರು ಇವತ್ತಿಗೂ ಅದೇ ಊರಿನ ಹೆಸರಿಂದ ಅದನ್ನು ಕರೆಯುತ್ತಾರೆ. ಮಕ್ಕಳಿಗೆ ಇದು ಗೊತ್ತಿದೆಯಾ ಕೇಳಿ. ತಲೆಬರಹದಲ್ಲಿ ‘ತತ್ತರ’, ‘ಮರಣಮೃದಂಗ’ ಬೇಡ. ಹಾಗೆಯೇ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಹೊರಗೆ ಬರುವಂಥದ್ದು ಏನನ್ನೂ ಹಾಕುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಅದನ್ನು ನೇರವಾಗಿ ತಡೆಯುತ್ತದೆ. ಶಾಲೆಯ ಪತ್ರಿಕೆ, ಇಪ್ಪತ್ತೇ ಕಾಪಿ ಅಂತ ಸಡಿಲ ಬಿಡಬೇಡಿ.

ಪ್ರಶ್ನೆ: ಪತ್ರಿಕೋದ್ಯಮ ಹೇಳಿಕೊಡಲು ಅದರಲ್ಲೇ ಡಿಗ್ರಿ ಬೇಕಾ? – ಶಿಕಾರಿಪುರ

ಉತ್ತರ: ಆಸೆ ಇದ್ದರೆ ಮಾಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ವಿಭಾಗ ಇದೆ. ಹೈಸ್ಕೂಲಿಗೆ ಅದಿಲ್ಲದೆಯೂ ನಡೆಯುತ್ತದೆ. ನಮ್ಮ ಜಿಲ್ಲೆಯ ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಆಮೇಲೆ 1980ರಲ್ಲಿ ವಾರಪತ್ರಿಕೆ ಶುರು ಮಾಡಿದರು. ಒಂದು ಸಂಜೆ ಆರರಿಂದ ಒಂಬತ್ತರವರೆಗೆ ಹತ್ತಿರದ ಯಾವುದಾದರೂ ಪತ್ರಿಕೆಯ ಕಚೇರಿಯಲ್ಲಿ ಸುಮ್ನೆ ಕೂತು ಬನ್ನಿ. ಇಲ್ಲವೇ ನಿಮ್ಮ ಊರಿನ ಅರೆಕಾಲಿಕ ವರದಿಗಾರರನ್ನು ಕ್ಲಾಸಿಗೆ ಕರೆಯಿರಿ. ಬೆಳಿಗ್ಗೆ ತೋಟಕ್ಕೆ ಹೋಗಿ, ಮಧ್ಯಾಹ್ನ ಅಂಗಡಿ ನೋಡಿಕೊಂಡು, ಸಂಜೆ ಸುದ್ದಿ ಕಳಿಸುವ ಆ ಮನುಷ್ಯನನ್ನು ಯಾರೂ ಯಾವತ್ತೂ ಭಾಷಣಕ್ಕೆ ಕರೆದಿರಲ್ಲ. ಗಂಟೆಗಟ್ಟಲೆ ಹೇಳುತ್ತಾರೆ.

ಪ್ರಶ್ನೆ: ಟೀಚರ್ ತಪ್ಪು ಹೇಳಿದರೆ ಎದ್ದು ನಿಂತು ಹೇಳಬಹುದಾ? – 9ನೇ ತರಗತಿ, ಹೊಸನಗರ

ಉತ್ತರ: ಹೇಳಬಹುದು. ಆದರೆ ‘ತಪ್ಪು’ ಅಂತ ಶುರು ಮಾಡಬೇಡ. ಪುಸ್ತಕವೋ ಪೇಪರೋ ಕೈಯಲ್ಲಿ ಹಿಡಿದುಕೊಂಡು ಹೋಗಿ ‘ಇಲ್ಲಿ ಹೀಗಿದೆ ಟೀಚರ್, ಯಾವುದು ಸರಿ?’ ಅಂತ ಕೇಳು. ನೀನು ಹೊಸನಗರದವನು ಅಂತ ಹೀಗೆ ಹೇಳಿದೆ. ತೀರ್ಥಹಳ್ಳಿ ಕಡೆಯವನಾಗಿದ್ದರೆ ಇನ್ನೊಂದು ವಾರ ಕಾಯಿ ಎನ್ನುತ್ತಿದ್ದೆ.